ನಳ ಬಂತು ಎಂದು ಹೇಳುವ ಡಬ್ಬಿ

ಕಲಬುರಗಿಯ ನಮ್ಮ ಓಣಿಯಲ್ಲಿ ‘ನೀರು ಬಂತು’ ಎಂದು ಯಾರೂ ಹೇಳುವುದಿಲ್ಲ, ‘ನಳ ಬಂತು’ ಎನ್ನುತ್ತಾರೆ. ಬರುವುದು ನಾಲ್ಕೈದು ದಿನಕ್ಕೊಮ್ಮೆ. ಅದೂ ನಡುರಾತ್ರಿಯಿಂದ ಬೆಳಗಿನ ಐದರೊಳಗೆ ಯಾವ ಹೊತ್ತಿಗಾದರೂ ಸರಿ. ನೀರು ಅಂಗಳದ ಅಡಿಯ ಹೌಜಿಗೆ ಬೀಳುತ್ತದೆ. ಅಲ್ಲಿಂದ ಮೋಟರು ಹಚ್ಚಿ ಮಾಳಿಗೆಯ ಟ್ಯಾಂಕಿಗೆ ಏರಿಸಬೇಕು. ಹೌಜು ಚಿಕ್ಕದು. ನಳ ಬಂದ ಕೂಡಲೇ ಎದ್ದು ಮೋಟರು ಹಚ್ಚಿದರೆ ಎರಡೂ ತುಂಬುತ್ತವೆ. ಮಲಗಿಬಿಟ್ಟರೆ ಹೌಜು ತುಂಬಿ, ಉಳಿದದ್ದೆಲ್ಲ ಚರಂಡಿಯ ಪಾಲು.

ಇಪ್ಪತ್ತು ವರ್ಷ ಈ ಕಾವಲನ್ನು ನಮ್ಮ ಅವ್ವ ಕಿವಿಯಿಂದಲೇ ಮಾಡಿದಳು. ನೀರಿಗಿಂತ ಮೊದಲು ಪೈಪಿನಲ್ಲಿ ಗಾಳಿ ಸುಯ್ಯೆನ್ನುತ್ತದೆ. ಆ ಸದ್ದಿಗೇ ಅವಳಿಗೆ ಎಚ್ಚರವಾಗುತ್ತಿತ್ತು. ಹೋದ ವರ್ಷದಿಂದ ಅವಳ ಕಿವಿ ಮಂದವಾಗಿದೆ. ಬೇಸಿಗೆಯಲ್ಲಿ ಎರಡು ಸಲ ನೀರು ತಪ್ಪಿ ಟ್ಯಾಂಕರಿನವನಿಗೆ ದುಡ್ಡು ಎಣಿಸಿಕೊಟ್ಟ ಮೇಲೆ ನಾನು ಅಳಿಯನ ಡಬ್ಬಿ ತೆಗೆದೆ.

ಅಳಿಯ ಎಂದರೆ ಅಕ್ಕನ ಮಗ. ಇಂಜಿನಿಯರಿಂಗ್ ಓದುವಾಗ ನಮ್ಮ ಮನೆಯಲ್ಲಿದ್ದ, ಪುಣೆಗೆ ನೌಕರಿಗೆ ಹೋಗುವಾಗ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಬಿಟ್ಟುಹೋದ. ಒಳಗೆ ಬಣ್ಣಬಣ್ಣದ ವೈರುಗಳು, ಜೋಳದ ಕಾಳಿನಷ್ಟು ಸಣ್ಣ ದೀಪಗಳು, ತೂತು ತೂತಿನ ಬಿಳಿ ಹಲಗೆ, ಎರಡು ಬೆಳ್ಳಿಗಣ್ಣುಗಳ ಒಂದು ಸೆನ್ಸರ್ ಮತ್ತು ಅಂಗೈ ಅಗಲದ ನೀಲಿ ಬೋರ್ಡು. ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ವಿಜ್ಞಾನವನ್ನು ಹತ್ತನೆಯ ತರಗತಿಯಲ್ಲಿ ಬಿಟ್ಟವನು, ಅದೂ ಸಂತೋಷದಿಂದ. ‘ಮಾಮಾ, ಅದೇನು ಕಷ್ಟವಲ್ಲ, ಒಂದು ವಾರ ಸಾಕು’ ಎಂದು ಅಳಿಯ ಫೋನಿನಲ್ಲಿ ಹೇಳಿದ. ನಾಲ್ಕು ತಿಂಗಳು ಹಿಡಿಯಿತು.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಟ್ಯಾಂಕು ತುಂಬಿದರೆ ಕೂಗುವ ಸಣ್ಣ ಯಂತ್ರ ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಅದು ಕೂಗುವುದು ತುಂಬಿದ ಮೇಲೆ. ನಮಗೆ ಬೇಕಾದದ್ದು ಬಂದ ಸುದ್ದಿ. ಈ ವ್ಯತ್ಯಾಸವನ್ನು ಅಂಗಡಿಯವನಿಗೆ ತಿಳಿಸಿ ಹೇಳಲಾಗದೆ ಈ ದಾರಿ ಹಿಡಿದೆ.

ನೀಲಿ ಬೋರ್ಡಿನ ಹೆಸರು ಆರ್ಡುಯಿನೊ ಉನೊ, ಬರೆದುಕೊಟ್ಟ ಆದೇಶದಂತೆ ನಡೆಯುವ ಒಂದು ಪುಟ್ಟ ಕಂಪ್ಯೂಟರು. ಇಟಲಿ ಭಾಷೆಯಲ್ಲಿ ಉನೊ ಎಂದರೆ ಒಂದು. ಈ ಬೋರ್ಡುಗಳ ಕುಲ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸದ ವಿದ್ಯಾರ್ಥಿಗಳಿಗೂ ಕೈಗೆಟುಕಲಿ ಎಂದು. ಆರ್ಡುಯಿನೊ ಎಂಬುದು ಆ ಊರಿನ ಒಂದು ಬಾರಿನ ಹೆಸರಂತೆ. ನಡುವೆ ಕುಳಿತಿರುವ ಕಪ್ಪು ಚಿಪ್ಪಿನಲ್ಲಿ ನಾವು ಬರೆದ ಆದೇಶಗಳಿಗೆ 32 ಕಿಲೋಬೈಟ್ ಜಾಗ. ಮೊಬೈಲಿನ ಒಂದು ಫೋಟೋ ಕೂಡ ಹಿಡಿಯದಷ್ಟು. ಅಂಚಿನುದ್ದಕ್ಕೂ ಸಾಲು ತೂತುಗಳು: 14 ಡಿಜಿಟಲ್ ಪಿನ್, 6 ಅನಲಾಗ್ ಪಿನ್. ಡಿಜಿಟಲ್‌ಗೆ ಹೌದು, ಇಲ್ಲ ಎಂಬ ಎರಡೇ ಮಾತು ಗೊತ್ತು. ಅನಲಾಗ್ ಎಷ್ಟು ಎಂದು ಕೇಳುತ್ತದೆ: ಸೊನ್ನೆಯಿಂದ 5 ವೋಲ್ಟ್‌ವರೆಗಿನದನ್ನು 0ಯಿಂದ 1023ರವರೆಗೆ ಎಣಿಸುತ್ತದೆ.

ನನ್ನದು ಅದರ ಅಗ್ಗದ ನಕಲು, ಹಳೆಯ ಮೊಬೈಲ್ ಚಾರ್ಜರಿನ ಬಾಯಿ ಇರುವಂಥದು. ಮನೆಯಲ್ಲಿದ್ದ ಚಾರ್ಜರಿನ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಬೋರ್ಡಿನ ದೀಪ ಹತ್ತಿತು, ಲ್ಯಾಪ್‌ಟಾಪು ಮಾತ್ರ ಅದನ್ನು ಗುರುತಿಸಲೊಲ್ಲದು. ಎರಡು ಸಂಜೆ, ಬೋರ್ಡನ್ನು ಗುರುತಿಸಲು ಬೇಕಾದ ಡ್ರೈವರ್ ಎಂಬ ತಂತ್ರಾಂಶವನ್ನು ಇಳಿಸಿ, ಅಳಿಸಿ, ಮತ್ತೆ ಇಳಿಸಿದೆ. ಮೂರನೆಯ ದಿನ ಅಳಿಯ ಕೇಳಿದ: ‘ಆ ವೈರಿನಿಂದ ಮೊಬೈಲಿನ ಫೋಟೋ ಲ್ಯಾಪ್‌ಟಾಪಿಗೆ ಹೋಗುತ್ತದೆಯೇ, ನೋಡಿದೆಯಾ ಮಾಮಾ?’ ಹೋಗಲಿಲ್ಲ. ಕೆಲವು ಅಗ್ಗದ ವೈರುಗಳಲ್ಲಿ ವಿದ್ಯುತ್ತಿನ ಎರಡು ಎಳೆ ಮಾತ್ರ ಇರುತ್ತವೆ, ಮಾಹಿತಿಯ ಎರಡು ಎಳೆ ಇರುವುದೇ ಇಲ್ಲ. ಹೆಂಡತಿಯ ಮೊಬೈಲಿನ ವೈರು ಹಾಕಿದೆ. ನಾನು ಬರೆದು ಕಳಿಸಿದ ಆದೇಶದಂತೆ ಬೋರ್ಡಿನ ಮೇಲಿನ ಪುಟ್ಟ ದೀಪ ಸೆಕೆಂಡಿಗೊಮ್ಮೆ ಮಿನುಗಿತು. ನಾನು ಬರೆದ ಕನ್ನಡವನ್ನು ಯಾರಾದರೂ ಇಷ್ಟು ಚಾಚೂ ತಪ್ಪದೆ ಪಾಲಿಸಿದ್ದು ನೆನಪಿಲ್ಲ.

ಮುಂದಿನ ಕೆಲಸ ಹೊರಗಿನ ದೀಪ ಹಚ್ಚುವುದು. ಎಲ್‌ಇಡಿಗೆ ಎರಡು ಕಾಲು, ಉದ್ದದ್ದು ಧನ, ಗಿಡ್ಡದ್ದು ಋಣ. ನೇರ 5 ವೋಲ್ಟಿಗೆ ಚುಚ್ಚಿದೆ. ಕಣ್ಣು ಕುಕ್ಕುವಂತೆ ಒಂದು ಕ್ಷಣ ಉರಿದು, ಪಟ್ಟೆಂದು ಸತ್ತು, ಕೆಟ್ಟ ವಾಸನೆ ಬಿಟ್ಟುಹೋಯಿತು. ಆಗ ನೆನಪಾಯಿತು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ ಓಮನ ನಿಯಮ. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ. ಕೆಂಪು ದೀಪ ತನಗೆಂದು ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು ಯಾರಾದರೂ ಹೊರಬೇಕು. ಆ ಹೊರೆಯಾಳು ರೆಸಿಸ್ಟರ್. 220 ಓಮ್‌ನದನ್ನು ಹಾಕಿದರೆ 3 ಭಾಗಿಸು 220, ಅಂದರೆ ಹದಿಮೂರೂವರೆ ಮಿಲಿಆಂಪಿಯರ್. ಬೋರ್ಡಿನ ಒಂದು ಪಿನ್ನು ನೆಮ್ಮದಿಯಿಂದ ಕೊಡುವುದು 20ರವರೆಗೆ. 40 ದಾಟಿದರೆ ಚಿಪ್ಪಿಗೇ ಅಪಾಯ. ಇಪ್ಪತ್ತೆಂಟು ವರ್ಷದ ಹಿಂದೆ ಕಲಿತ ಸೂತ್ರದಿಂದ ನಿಜವಾದ ಒಂದು ದೀಪ ಸಾಯದೆ ಉಳಿದದ್ದು ಕಂಡು, ಆಗ ಪಾಠ ಮಾಡಿದ ವಿಜ್ಞಾನದ ಮಾಸ್ತರರನ್ನು ನೆನೆದೆ. ಒಂದು ಬಲ್ಬು, ಒಂದು ಶೆಲ್ ತಂದು ತೋರಿಸಿದ್ದರೆ ನಾನು ಕನ್ನಡಕ್ಕೆ ಬರುತ್ತಿರಲಿಲ್ಲವೇನೋ.

ರೆಸಿಸ್ಟರಿನ ಮೈಮೇಲೆ ಅಂಕಿ ಇರುವುದಿಲ್ಲ, ಬಣ್ಣದ ಪಟ್ಟಿಗಳಿರುತ್ತವೆ. ಕೆಂಪು ಕೆಂಪು ಕಂದು 220, ಕಂದು ಕಪ್ಪು ಕಿತ್ತಳೆ 10 ಸಾವಿರ. ನನ್ನ ಕಣ್ಣಿಗೆ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ. ಮಲ್ಟಿಮೀಟರ್ ಕೊಳ್ಳುವ ತನಕ ಹಗಲಿನಲ್ಲಿ ಮಾತ್ರ ಈ ಕೆಲಸ ಮಾಡಿದೆ.

ಬಿಳಿ ಹಲಗೆಗೆ ಬ್ರೆಡ್‌ಬೋರ್ಡ್ ಎನ್ನುತ್ತಾರೆ. ಬೆಸುಗೆಯಿಲ್ಲದೆ ವೈರು ಚುಚ್ಚಿ ಜೋಡಿಸಲು ಅದು ಅನುಕೂಲ. ನಡುವಿನ ಗುಳಿಯ ಎರಡೂ ಬದಿಗೆ ಐದೈದು ತೂತುಗಳ ಸಾಲು. ಒಂದು ಸಾಲಿನ ಐದೂ ಒಳಗೊಳಗೇ ಒಂದು. ಅಂಚಿನಲ್ಲಿ ಉದ್ದಕ್ಕೆ ಕೆಂಪು, ನೀಲಿ ಗೆರೆಯ ಸಾಲುಗಳು, ವಿದ್ಯುತ್ ಹಂಚಲು. ಇಷ್ಟು ತಿಳಿದು ಧೈರ್ಯದಿಂದ ಹಲಗೆಯ ಒಂದು ತುದಿಗೆ 5 ವೋಲ್ಟ್ ಕೊಟ್ಟು ಇನ್ನೊಂದು ತುದಿಯಲ್ಲಿ ದೀಪ ಇಟ್ಟೆ. ಹತ್ತಲಿಲ್ಲ. ದೀಪ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ, ಆದೇಶಗಳನ್ನು ತಿದ್ದಿದೆ. ಭಾನುವಾರ ಪೂರ್ತಿ ಹೋಯಿತು.

ಸೋಮವಾರ ಶಾಲೆ ಬಿಟ್ಟ ಮೇಲೆ ಸೂಪರ್ ಮಾರ್ಕೆಟ್ ಬಳಿಯ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುವ ಚಾಚಾ ಹತ್ತಿರ ಹಲಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನನ್ನ ಅಪ್ಪನ ಕಾಲದಿಂದ ನಮ್ಮ ಮನೆಯ ರೇಡಿಯೋ ಅವರ ಕೈಯಲ್ಲೇ ಬದುಕಿ ಬಂದದ್ದು. ಚಾಚಾ ಆರ್ಡುಯಿನೊ ನೋಡಿದ್ದು ಅದೇ ಮೊದಲು. ಅದನ್ನು ಮುಟ್ಟಲೂ ಇಲ್ಲ. ಮಲ್ಟಿಮೀಟರನ್ನು ಸದ್ದು ಮಾಡುವ ಗುರುತಿಗೆ ತಿರುಗಿಸಿ, ಎರಡು ಕಡ್ಡಿಗಳನ್ನು ಕೆಂಪು ಸಾಲಿನ ಎರಡು ತುದಿಗೆ ಇಟ್ಟರು. ಸದ್ದಿಲ್ಲ. ಒಂದು ಕಡ್ಡಿಯನ್ನು ನಿಧಾನವಾಗಿ ಸರಿಸುತ್ತ ಬಂದರು. ಅರ್ಧಕ್ಕೆ ಬಂದಾಗ ಕೀ ಎಂದಿತು.

‘ಮಾಸ್ತರರೇ, ಗೆರೆ ನೋಡಿ’ ಎಂದರು. ಕೆಂಪು ಗೆರೆ ಹಲಗೆಯ ನಟ್ಟನಡುವೆ ಒಂದು ಬೆರಳಿನಷ್ಟು ತುಂಡಾಗಿತ್ತು. ಕೆಲವು ಹಲಗೆಗಳಲ್ಲಿ ಅಂಚಿನ ಸಾಲು ಅರ್ಧಕ್ಕೇ ಕಡಿಯುತ್ತದೆ. ಗೆರೆಯ ತುಂಡು ಅದನ್ನೇ ಹೇಳುತ್ತಿತ್ತು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಬಿಟ್ಟುಹೋದ ಅರ್ಧವಿರಾಮ ಕಾಣುವ ಕಣ್ಣಿಗೆ ಇದು ಕಾಣಲಿಲ್ಲ.

ಚಾಚಾ ಅಂದು ಇನ್ನೊಂದು ಮಾತು ಹೇಳಿದರು. ಯಾವ ಯಂತ್ರ ಬಂದರೂ ಅವರು ಮೊದಲು ನೋಡುವುದು ಕರೆಂಟು ಒಳಗೆ ಬಂದಿದೆಯೇ ಎಂದು, ಆಮೇಲೆ ನೆಗೆಟಿವ್ ಕೂಡಿದೆಯೇ ಎಂದು, ಅದಾದ ಮೇಲೆ ಸದ್ದು ಎಲ್ಲಿಯವರೆಗೆ ಬಂದು ನಿಂತಿದೆ ಎಂದು. ನಾನು ಪ್ರತಿ ಸಲ ತದ್ವಿರುದ್ಧ ಮಾಡುತ್ತಿದ್ದೆ. ಏನೇ ಕೆಟ್ಟರೂ ಮೊದಲು ತಿದ್ದುವುದು ಬರೆದದ್ದನ್ನು. ಮಾಸ್ತರಿಕೆಯ ಚಾಳಿ ಇರಬೇಕು. ಅಂದೇ ಮಲ್ಟಿಮೀಟರ್ ಕೊಂಡೆ.

ಗುಂಡಿಯ ಪಾಠ ಬೇರೆ ತರಹದ್ದು. ಒತ್ತುವ ಗುಂಡಿಯ ಒಂದು ಕಾಲನ್ನು 5 ವೋಲ್ಟಿಗೆ, ಇನ್ನೊಂದನ್ನು ಪಿನ್ನಿಗೆ ಜೋಡಿಸಿದೆ. ಒತ್ತದೆಯೇ ಅದು ಹೌದು, ಇಲ್ಲ, ಹೌದು ಎಂದು ಹುಚ್ಚನಂತೆ ಬಡಬಡಿಸಿತು. ಕೈ ಹತ್ತಿರ ತಂದರೆ ಇನ್ನೂ ಹೆಚ್ಚು. ಗುಂಡಿ ಒತ್ತದಿದ್ದಾಗ ಪಿನ್ನು ಯಾವುದಕ್ಕೂ ಅಂಟಿರುವುದಿಲ್ಲ, ಗಾಳಿಯಲ್ಲಿ ತೇಲುತ್ತಿರುತ್ತದೆ. ಸುತ್ತಲಿನ ವೈರುಗಳ ಗದ್ದಲವನ್ನೆಲ್ಲ ಹಿಡಿಯುತ್ತದೆ. ಅದನ್ನು ಒಂದು ರೆಸಿಸ್ಟರಿನಿಂದ ಒಂದು ಕಡೆಗೆ ಎಳೆದು ಕಟ್ಟಬೇಕು. ಆ ರೆಸಿಸ್ಟರ್ ಚಿಪ್ಪಿನೊಳಗೇ ಇದೆ, ಒಂದು ಆದೇಶ ಕೊಟ್ಟರೆ ಪಿನ್ನನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಆಗ 5 ವೋಲ್ಟಿಗೆ ಕೊಟ್ಟಿದ್ದ ಗುಂಡಿಯ ಕಾಲನ್ನು ಗ್ರೌಂಡಿಗೆ, ಅಂದರೆ ಬೋರ್ಡಿನ ಋಣಕ್ಕೆ, ಜೋಡಿಸಬೇಕು. ಮಾತು ಮಾತ್ರ ಉಲ್ಟಾ ಆಗುತ್ತದೆ: ಒತ್ತಿದರೆ ‘ಇಲ್ಲ’, ಬಿಟ್ಟರೆ ‘ಇದೆ’. ನಿಷೇಧಾರ್ಥಕ ಕಲಿಸುವ ನನಗೂ ಇದಕ್ಕೆ ಹೊಂದಿಕೊಳ್ಳಲು ಎರಡು ದಿನ ಬೇಕಾಯಿತು.

ಈಗ ಬೆಳ್ಳಿಗಣ್ಣಿನ ಸೆನ್ಸರಿಗೆ ಬರುತ್ತೇನೆ. ಎಚ್‌ಸಿ-ಎಸ್‌ಆರ್04 ಎಂದು ಅದರ ಹೆಸರು. ಬಾವಲಿಯ ವಿದ್ಯೆ ಅದರದ್ದು: ಒಂದು ಕಣ್ಣು ನಮಗೆ ಕೇಳದಷ್ಟು ಕೀರಲಾದ, ಸೆಕೆಂಡಿಗೆ 40 ಸಾವಿರ ಸಲ ಕಂಪಿಸುವ ಸದ್ದನ್ನು ಬಿಡುತ್ತದೆ. ಇನ್ನೊಂದು ಕಣ್ಣು ಮರುದನಿಗೆ ಕಾಯುತ್ತದೆ. ಹೋಗಿ ಬಂದ ಹೊತ್ತನ್ನು ಮೈಕ್ರೋಸೆಕೆಂಡಿನಲ್ಲಿ ಎಣಿಸಿ 58ರಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ದೂರ ಸಿಗುತ್ತದೆ. 2 ಸೆಂಟಿಮೀಟರಿನಿಂದ 4 ಮೀಟರಿನವರೆಗೆ ಅಳೆಯಬಲ್ಲೆ ಎನ್ನುತ್ತದೆ. ಕಾಲುಗಳು ನಾಲ್ಕು: ಒಂದಕ್ಕೆ 5 ವೋಲ್ಟ್, ಒಂದಕ್ಕೆ ಗ್ರೌಂಡ್, ‘ಕೂಗು’ ಎಂದು ಹೇಳಲು ಟ್ರಿಗ್, ಕೇಳಿಸಿದ್ದನ್ನು ತಿಳಿಸಲು ಎಕೋ.

ಜೋಡಿಸಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಸೊನ್ನೆ. ಗೋಡೆಯ ಮುಂದೆ ಹಿಡಿದರೂ ಸೊನ್ನೆ, ಛಾವಣಿಯ ಕಡೆ ಹಿಡಿದರೂ ಸೊನ್ನೆ. ಬೋರ್ಡಿಗೆ ಭಾರವಾಗಬಾರದು ಎಂದು ಬಲು ಜಾಣತನದಿಂದ ನಾನು ಸೆನ್ಸರಿಗೆ ಬೇರೆಯೇ ಹಳೆಯ ಚಾರ್ಜರಿನ 5 ವೋಲ್ಟ್ ಕೊಟ್ಟಿದ್ದೆ. ಅದರ ಋಣವನ್ನೂ ಸೆನ್ಸರಿಗೇ ಕೊಟ್ಟಿದ್ದೆ. ಆ ಸೆನ್ಸರ್ ಕುಡಿಯುವುದು ಸುಮಾರು 15 ಮಿಲಿಆಂಪಿಯರ್, ಬೋರ್ಡಿಗೆ ಅದು ಲೆಕ್ಕಕ್ಕೇ ಇಲ್ಲ ಎಂದು ಆಮೇಲೆ ತಿಳಿಯಿತು. ಈ ಸಲ ಚಾಚಾ ಹೇಳಿದ ಕ್ರಮದಲ್ಲೇ ನೋಡಿದೆ. ಸೆನ್ಸರಿನ ಎರಡು ಕಾಲುಗಳ ನಡುವೆ ಮೀಟರ್ ಇಟ್ಟೆ: 5.1. ಬೋರ್ಡಿನ ಎರಡು ಪಿನ್ನುಗಳ ನಡುವೆ: 4.9. ಎರಡೂ ಕಡೆ ಕರೆಂಟಿದೆ. ಆದರೂ ಸೊನ್ನೆ.

ಮತ್ತೆ ಗಲ್ಲಿಗೆ ಹೋದೆ. ಚಾಚಾ ನನ್ನ ಮಾತನ್ನೆಲ್ಲ ಕೇಳಿ, ‘ಸೆನ್ಸರ್ 5 ವೋಲ್ಟ್ ಕಳಿಸುತ್ತದೆ, ಸರಿ. ಎಲ್ಲಿಂದ ಐದು?’ ಎಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಮೀಟರಿನ ಕಪ್ಪು ಕಡ್ಡಿಯನ್ನು ಬೋರ್ಡಿನ ಗ್ರೌಂಡಿಗೂ ಕೆಂಪನ್ನು ಸೆನ್ಸರಿನ ಧನಕ್ಕೂ ಇಟ್ಟರು. ಅಂಕಿ ಎಲ್ಲೂ ನಿಲ್ಲದೆ ಅಲೆದಾಡಿತು. ‘ನಿಮ್ಮ ಮಾಳಿಗೆ ಹತ್ತು ಅಡಿ ಎತ್ತರ, ನಮ್ಮದೂ ಹತ್ತು ಅಡಿ. ನಿಮ್ಮ ಮನೆ ದಿಬ್ಬದ ಮೇಲಿದ್ದರೆ ಎರಡು ಮಾಳಿಗೆ ಸಮ ಆಗುತ್ತವೆಯೇ?’

ಬಸ್ಸಿನಲ್ಲಿ ಮನೆಗೆ ಬರುವಾಗ ತಲೆಗೆ ಹೊಳೆಯಿತು. ವಿಭವಾಂತರ. ವಿಭವ ಕೂಡಿಸು ಅಂತರ, ಸವರ್ಣದೀರ್ಘ ಸಂಧಿ. ಇಂಥ ಸಂಧಿಗಳನ್ನು ಬಿಡಿಸಿ ಬರೆಯಿರಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪ್ರಶ್ನೆ ಕೊಡುತ್ತ ಬಂದವನು, ಈ ಒಂದು ಪದವನ್ನು ಬಿಡಿಸಿಯೇ ಇರಲಿಲ್ಲ. ಅದು ಒಂದು ಜಾಗದಲ್ಲಿ ಇರುವ ವಸ್ತುವಲ್ಲ, ಎರಡು ಜಾಗಗಳ ನಡುವಿನ ಅಂತರ. ವೋಲ್ಟೇಜ್ ಎಂಬ ಇಂಗ್ಲಿಷ್ ಪದ ಇದನ್ನು ಬಚ್ಚಿಡುತ್ತದೆ, ಅಕ್ಕಿ ಬೇಳೆಯಂತೆ ಚೀಲದಲ್ಲಿ ತುಂಬಿಟ್ಟದ್ದೇನೋ ಅನ್ನಿಸುವಂತೆ ಮಾಡುತ್ತದೆ. ಪಠ್ಯಪುಸ್ತಕಕ್ಕೆ ವಿಭವಾಂತರ ಎಂದು ತಂದವರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ನನ್ನ ಸೆನ್ಸರಿನ ಐದು ಅದರ ನೆಲದಿಂದ ಐದು. ಬೋರ್ಡು ಅಳೆಯುವುದು ತನ್ನ ನೆಲದಿಂದ. ಎರಡು ನೆಲಗಳನ್ನು ಒಂದು ಕಪ್ಪು ವೈರಿನಿಂದ ಕೂಡಿಸಿದೆ. ಪರದೆಯ ಮೇಲೆ 143 ಬಂತು. ಟೇಪು ಹಿಡಿದು ನೋಡಿದರೆ ಗೋಡೆ ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿತ್ತು.

ಆ ‘ಸ್ವಲ್ಪ ಕಡಿಮೆ’ ನನ್ನನ್ನು ಒಂದು ವಾರ ತಿಂದಿತು. ಏಪ್ರಿಲ್ ಕೊನೆ, ಮಧ್ಯಾಹ್ನ ನಮ್ಮ ತಗಡಿನ ಕೋಣೆಯಲ್ಲಿ ಕುಳಿತು ಸರಿಯಾಗಿ ಒಂದು ಮೀಟರ್ ಅಳತೆಯಿಟ್ಟು ನೋಡಿದೆ. ಸೆನ್ಸರ್ 97 ಎಂದಿತು. ರಾತ್ರಿ ಅದೇ ಜಾಗದಲ್ಲಿ 98 ದಾಟಿತು. ಕಾರಣ ಕಲಬುರಗಿಯ ಬಿಸಿಲು. 58 ಎಂಬ ಅಂಕಿ ಸುಮಾರು 20 ಡಿಗ್ರಿ ತಂಪಿನ ಗಾಳಿಯ ಲೆಕ್ಕ, ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. 40 ಡಿಗ್ರಿಯಲ್ಲಿ ಅದು ಸುಮಾರು 355 ಮೀಟರ್ ಆಗುತ್ತದೆ. ಸದ್ದು ಬೇಗ ಹಿಂದಿರುಗುತ್ತದೆ, ಸೆನ್ಸರು ಗೋಡೆ ಹತ್ತಿರವಿದೆ ಎಂದುಕೊಳ್ಳುತ್ತದೆ. ಇದನ್ನು ಸರಿಪಡಿಸಲು ಉಷ್ಣತೆ ಅಳೆಯುವ ಡಿಎಚ್‌ಟಿ11 ಎಂಬ ನೀಲಿ ಜಾಲರಿಯ ಸೆನ್ಸರ್ ಹೊರತೆಗೆದೆ.

ಅದು ಸತ್ತದ್ದು ನನ್ನ ಕೈಯಿಂದಲೇ. ಮೂರು ಕಾಲಿನ ಪುಟ್ಟ ಹಲಗೆಯ ಮೇಲೆ ಕೂರಿಸಿದ್ದು ಅದು. ಮೊಬೈಲಿನಲ್ಲಿ ನೋಡಿದ ಚಿತ್ರದಲ್ಲಿ ಎಡಗಡೆ ಧನ, ನಡುವೆ ಮಾಹಿತಿ, ಬಲಗಡೆ ಗ್ರೌಂಡ್. ಹಾಗೆಯೇ ಜೋಡಿಸಿದೆ. ಅರ್ಧ ನಿಮಿಷಕ್ಕೆ ಮುಟ್ಟಿ ನೋಡಿದರೆ ಬೆರಳು ಚುರ್ರೆಂದಿತು. ತಯಾರಕರು ಬದಲಾದ ಹಾಗೆ ಈ ಮೂರು ಕಾಲುಗಳ ಕ್ರಮವೂ ಬದಲಾಗುತ್ತದೆ. ಯಾವುದು ಯಾವುದೆಂದು ಕಾಲಿನ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಬರೆದದ್ದು ಓದದೆ ಚಿತ್ರ ನೋಡಿ ಉತ್ತರಿಸುವ ಹುಡುಗರಿಗೆ ನಾನು ಎಷ್ಟು ಬೈದಿಲ್ಲ! ಈ ಸಂಗತಿಯನ್ನು ತರಗತಿಯಲ್ಲಿ ಹೇಳಲಿಲ್ಲ. ಎರಡನೆಯ ಡಿಎಚ್‌ಟಿ11 ತರಿಸಿದೆ. ಅದರ ಮಾತು 50 ಡಿಗ್ರಿಯವರೆಗೆ ಮಾತ್ರ, ಎರಡು ಡಿಗ್ರಿ ಆಚೀಚೆ. ಮೇ ತಿಂಗಳ ತಗಡಿನ ಕೆಳಗೆ ಅದನ್ನು ತುಂಬ ನಂಬುವಂತಿಲ್ಲ. ಇಷ್ಟೆಲ್ಲ ಮಾಡಿ ಲೆಕ್ಕ ಸರಿಪಡಿಸಿದ ಮೇಲೆ ಹೌಜಿನೊಳಗೆ ಇಳಿಬಿಟ್ಟು ನೋಡಿದರೆ, ಅಲ್ಲಿ ಹಗಲೂ ರಾತ್ರಿಯೂ ತಂಪು ಹೆಚ್ಚುಕಡಿಮೆ ಒಂದೇ. ಮೇಲಾಗಿ ನನಗೆ ಬೇಕಿದ್ದುದು ನೀರು ಏರುತ್ತಿದೆಯೇ ಎಂಬುದು, ಎಷ್ಟು ಸೆಂಟಿಮೀಟರ್ ಎಂಬುದಲ್ಲ. ಆ ವಾರ ಪೂರ್ತಿ ದಂಡ. ಆದರೂ ಬಿಸಿಲಿಗೆ ಸದ್ದು ಓಡುತ್ತದೆ ಎಂದು ಕೈಯಾರೆ ಅಳೆದ ಖುಷಿ ಸುಳ್ಳಲ್ಲ.

ನಡುವೆ ಜೇವರ್ಗಿ ಕಡೆಯ ಊರಿನಲ್ಲಿರುವ ತಮ್ಮ ಬಂದಿದ್ದ. ಡಬ್ಬಿಯಲ್ಲಿ ಎರಡು ಹಲ್ಲಿನ ಫೋರ್ಕಿನಂಥ ಸೆನ್ಸರ್ ಕಂಡು, ಅದು ಮಣ್ಣಿನ ತೇವ ಅಳೆಯುತ್ತದೆ ಎಂದು ತಿಳಿದು, ತೊಗರಿ ಹೊಲಕ್ಕೆ ಬೇಕೆಂದ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಮಣ್ಣಿನ ಮೂಲಕ ವಿದ್ಯುತ್ ಹರಿಸಿ, ಎಷ್ಟು ಸುಲಭವಾಗಿ ಹರಿಯಿತು ಎಂದು ನೋಡುವುದು ಅದರ ಕೆಲಸ. ಮೂರು ವಾರಕ್ಕೆ ಒಂದು ಹಲ್ಲು ಇಲಿ ತಿಂದಂತೆ ಸವೆದಿತ್ತು. ಒದ್ದೆ ಮಣ್ಣಿನಲ್ಲಿ ಸದಾ ಒಂದೇ ದಿಕ್ಕಿಗೆ ವಿದ್ಯುತ್ ಹರಿದರೆ ಧನದ ಕಡೆಯ ಲೋಹ ಕರಗಿ ಹೋಗುತ್ತದೆ. ಧನದ ಕಾಲನ್ನು 5 ವೋಲ್ಟಿಗೆ ಕಟ್ಟದೆ ಒಂದು ಡಿಜಿಟಲ್ ಪಿನ್ನಿಗೆ ಕಟ್ಟಿ, ಅಳೆಯುವ ಕ್ಷಣಕ್ಕೆ ಮಾತ್ರ ವಿದ್ಯುತ್ ಕೊಟ್ಟರೆ ಬಾಳಿಕೆ ಹೆಚ್ಚು ಎಂದು ಅಳಿಯ ಹೇಳಿಕೊಟ್ಟ. ಲೋಹ ಮಣ್ಣಿಗೆ ತಾಕದ, ಕಪ್ಪು ಪಟ್ಟಿಯಂಥ ಇನ್ನೊಂದು ಬಗೆಯನ್ನೂ ತರಿಸಿದೆವು. ಅದು ಸವೆಯಲಿಲ್ಲ. ಆದರೆ ನಮ್ಮ ಎರೆ ಭೂಮಿಯ ಗುಣ ಬೇರೆ. ಒಣಗಿದಂತೆ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ಸೆನ್ಸರಿನ ಪಕ್ಕದಲ್ಲೇ ಬಂದರೆ ಅದು ಮಣ್ಣನ್ನಲ್ಲ, ಗಾಳಿಯನ್ನು ಅಳೆಯುತ್ತದೆ. ಒಂದು ಗೇಣು ಆಚೆ ಕೈಹಾಕಿದರೆ ಮಣ್ಣು ತಂಪಾಗಿಯೇ ಇರುತ್ತಿತ್ತು, ಸೆನ್ಸರು ಮಾತ್ರ ಬರಗಾಲ ಎನ್ನುತ್ತಿತ್ತು. ‘ಅಣ್ಣಾ, ಇದಕ್ಕಿಂತ ನನ್ನ ಕೈಯೇ ಲೇಸು’ ಎಂದು ತಮ್ಮ ತಂದು ವಾಪಸು ಕೊಟ್ಟ. ಆ ವಾದದಲ್ಲಿ ನಾನು ಸೋತೆ.

ಹೌಜಿಗೆ ಮರಳಿದರೆ, ಬೆಳ್ಳಿಗಣ್ಣು ಅಲ್ಲಿ ತಿಂಗಳೂ ಬಾಳಲಿಲ್ಲ. ಮುಚ್ಚಳದ ಕೆಳಗೆ ಆವಿ ಹನಿಗಟ್ಟಿ ಕಣ್ಣಿನ ಜಾಲರಿಯಲ್ಲಿ ನಿಂತಿತು, ಹಸಿರು ಕಿಲುಬು ಬಂತು. ಕಾರಿನ ಹಿಂಬದಿ ಬಂಪರಿನಲ್ಲಿರುವಂಥ, ನೀರು ಹೊಗದ ಒಂಟಿ ಕಪ್ಪು ಕಣ್ಣಿನ ಸೆನ್ಸರ್ ಬೇಕಾಯಿತು. ಇಂಥ ಸಾಮಾನಿಗೆ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದಂತೆ ನಮಗೆ ಹೈದರಾಬಾದಿನ ಕೋಠಿ. ಮದುವೆಗೆಂದು ಹೋದವನು ಊಟದ ಪಂಕ್ತಿ ಬಿಟ್ಟು ಅಲ್ಲಿ ಒಂದು ಗಂಟೆ ಅಲೆದೆ. ಒಂಟಿ ಕಣ್ಣಿಗೆ ಒಂದು ಕೊರತೆ ಇದೆ: ಕೂಗುವುದೂ ಕೇಳುವುದೂ ಅದೇ ಆದ್ದರಿಂದ, ಕೂಗಿದ ಕಂಪನ ನಿಲ್ಲುವ ಮೊದಲೇ ಬರುವ ಹತ್ತಿರದ ಮರುದನಿ ಅದಕ್ಕೆ ಕೇಳಿಸುವುದಿಲ್ಲ. ಸುಮಾರು 20-25 ಸೆಂಟಿಮೀಟರಿನೊಳಗೆ ಅದು ಕುರುಡು. ಹೌಜು ತುಂಬಿ ನೀರು ಮುಚ್ಚಳದ ಹತ್ತಿರ ಬಂದರೆ ಏನೇನೋ ಹೇಳುತ್ತದೆ. ಹೇಳಲಿ, ಅಷ್ಟರೊಳಗೆ ನಾನು ಎದ್ದಿರುತ್ತೇನೆ.

ಬಜರಿನ ಕೆಲಸ ಬೇಗ ಮುಗಿಯಿತು. ಜೋರಾಗಿ ಕೂಗುವ ಬಜರಿಗೆ ಪಿನ್ನಿನ ಶಕ್ತಿ ಸಾಲದೆಂದು ಚಾಚಾ ಹಳೆಯ ರೇಡಿಯೋದಿಂದ ಕಿತ್ತ ಒಂದು ಟ್ರಾನ್ಸಿಸ್ಟರ್ ಕೊಟ್ಟರು. ಪಿನ್ನು ಒಂದು ಸಾವಿರ ಓಮ್ ಮೂಲಕ ಅದಕ್ಕೆ ಸನ್ನೆ ಮಾಡುತ್ತದೆ, ಭಾರ ಎಳೆಯುವುದು ಅದು. ಸೆನ್ಸರಿನ ವೈರನ್ನು ಗಿಡ್ಡವಾಗಿಟ್ಟು ಬೋರ್ಡನ್ನು ಪಡಸಾಲೆಯ ಗೋಡೆಗೆ ಕೂರಿಸಿದೆ. ಮಲಗುವ ಕೋಣೆಯ ಬಜರಿಗೆ ಮಾತ್ರ ಉದ್ದದ ವೈರು ಎಳೆದೆ. ಬಜರಿಗೆ ಕೂಗು, ಸುಮ್ಮನಿರು ಎಂಬಷ್ಟೇ ತಿಳಿದರೆ ಸಾಕು. ಉದ್ದದ ದಾರಿಯಲ್ಲಿ ಕೆಡುವಂಥ ನಾಜೂಕಿನ ಮಾತು ಅದರದ್ದಲ್ಲ.

‘ರಿಲೇ ಹಾಕಿ ಮೋಟರನ್ನೂ ಅದೇ ಹಚ್ಚುವಂತೆ ಮಾಡು ಮಾಮಾ’ ಎಂದ ಅಳಿಯ. ರಿಲೇ ಎಂದರೆ ಸಣ್ಣ ವಿದ್ಯುತ್ತಿನ ಸನ್ನೆಗೆ ದೊಡ್ಡ ವಿದ್ಯುತ್ತನ್ನು ಹಚ್ಚಿ ಆರಿಸುವ ಸ್ವಿಚ್ಚು. ಡಬ್ಬಿಯಲ್ಲಿ ಅಂಥ ನೀಲಿಯದೊಂದು ಇತ್ತು. ತೆಗೆದು ನೋಡಿ ಮತ್ತೆ ಒಳಗಿಟ್ಟೆ. ಇಷ್ಟು ದಿನ ಮಾಡಿದ ತಪ್ಪುಗಳೆಲ್ಲ 5 ವೋಲ್ಟಿನವು; ಬೆರಳು ಚುರ್ರೆಂದಿತು, ಅಷ್ಟೇ. 230 ವೋಲ್ಟ್, ಒದ್ದೆ ಅಂಗಳ, ನಿದ್ದೆಗಣ್ಣು ಇವು ಮೂರನ್ನು ಒಟ್ಟಿಗೆ ಸೇರಿಸುವ ಧೈರ್ಯ ನನಗಿಲ್ಲ. ಮೋಟರನ್ನು ಸ್ಟಾರ್ಟರಿನಲ್ಲಿ ಕೈಯಿಂದಲೇ ಹಚ್ಚುತ್ತೇನೆ.

ಆದೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮಿಷಕ್ಕೊಮ್ಮೆ ಐದು ಸಲ ಅಳೆದು, ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿಕೊಳ್ಳುತ್ತದೆ. ಪೈಪಿಗೋ ಗೋಡೆಗೋ ಬಡಿದು ಬಂದ ಹುಸಿ ಮರುದನಿ ಹೀಗೆ ಹೊರಗುಳಿಯುತ್ತದೆ. ನೀರು ಬಳಸಿದರೆ ಮಟ್ಟ ಇಳಿಯುತ್ತದೆ, ಏರುವುದು ನಳ ಬಂದಾಗ ಮಾತ್ರ. ಸತತ ಮೂರು ಸಲ ಏರಿದ್ದು ಕಂಡರೆ ಬಜರ್.

ಕೊನೆಗೆ ಉಳಿದದ್ದು ಅವ್ವ. ಬಜರ್ ನನಗೆ ಕೇಳುತ್ತದೆ, ಅವಳಿಗೆ ಕೇಳುವುದಿಲ್ಲ. ‘ನನಗೆ ಹೇಗೆ ತಿಳಿಯಬೇಕು?’ ಎಂದಳು. ಎರಡು ಸಾಲಿನ, ಸಾಲಿಗೆ ಹದಿನಾರು ಅಕ್ಷರದ ಹಸಿರು ಪರದೆಯೊಂದು ಡಬ್ಬಿಯ ತಳದಲ್ಲಿತ್ತು. ನಾಲ್ಕೇ ವೈರು: ವಿದ್ಯುತ್ತಿಗೆ ಎರಡು, ಉಳಿದೆರಡು ಅನಲಾಗ್ ಸಾಲಿನ ಎ4 ಮತ್ತು ಎ5 ಎಂದು ಬರೆದ ಪಿನ್ನಿಗೆ. ಜೋಡಿಸಿದರೆ ಬೆಳಕು ಬಂತು, ಅಕ್ಷರ ಬರಲಿಲ್ಲ. ಚಾಚಾ ಕ್ರಮದಲ್ಲಿ ನೋಡಿದೆ: ವಿದ್ಯುತ್ ಇದೆ, ನೆಲ ಕೂಡಿದೆ. ಪರದೆಯ ಬೆನ್ನಿಗೆ ನೀಲಿ ಚೌಕದಲ್ಲಿ ಒಂದು ಸಣ್ಣ ತಿರುಪು ಇತ್ತು. ಸ್ಕ್ರೂ ಡ್ರೈವರಿನಿಂದ ತಿರುಗಿಸಿದಾಗ ಮಂಜು ಸರಿದಂತೆ ಚೌಕಗಳು ಮೂಡಿದವು. ಆದರೂ ಅಕ್ಷರವಿಲ್ಲ. ಇಂಥ ಪರದೆಗಳ ವಿಳಾಸ ಸಾಮಾನ್ಯವಾಗಿ ಎರಡು ಬಗೆಯದು, 27 ಅಥವಾ 3ಎಫ್. ನಾನು ಪತ್ರವನ್ನು ಪಕ್ಕದ ಮನೆಗೆ ಹಾಕುತ್ತಿದ್ದೆ. ವಿಳಾಸ ಬದಲಿಸಿದೆ, ಅಕ್ಷರ ಬಂತು. ಇಂಗ್ಲಿಷ್ ಅಕ್ಷರ.

ಅವ್ವ ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಬಾರದು. ಈ ಪರದೆಗೆ ಕನ್ನಡ ಬಾರದು. ಆದರೆ ನಮ್ಮದೇ ಅಕ್ಷರ ಕೊರೆದು ಕೊಟ್ಟರೆ ಎಂಟನ್ನು ಇಟ್ಟುಕೊಳ್ಳುತ್ತದೆ. ಒಂದೊಂದಕ್ಕೂ ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು ಚುಕ್ಕಿಯ ಮನೆ. ರಂಗೋಲಿ ಬಿಡಿಸುವ ಹಾಗೆ ಚೌಕಳಿ ಹಾಳೆಯಲ್ಲಿ ಬಿಡಿಸತೊಡಗಿದೆ. ‘ನ’ ಸುಲಭಕ್ಕೆ ಒಗ್ಗಿತು. ‘ಳ’ ನನ್ನ ಮೂರು ಸಂಜೆ ತಿಂದಿತು, ಐದು ಚುಕ್ಕಿಯ ಅಗಲದಲ್ಲಿ ಆ ಸುಳಿ ಕೂರುವುದೇ ಇಲ್ಲ. ‘ಬ’ಕ್ಕೆ ಒಂದು ಮನೆ, ಸೊನ್ನೆಗೆ ಒಂದು, ‘ತು’ವಿಗೆ ಎರಡು. ಒಟ್ಟು ಆರು.

ಮೊನ್ನೆ ರಾತ್ರಿ ಎರಡೂಕಾಲಿಗೆ ಬಜರ್ ಕೂಗಿತು. ನಾನು ಮೋಟರು ಹಚ್ಚಿ ಬರುವಷ್ಟರಲ್ಲಿ ನನ್ನ ಓಡಾಟಕ್ಕೆ ಅವ್ವ ಎದ್ದು ಪಡಸಾಲೆಯ ಹಸಿರು ಬೆಳಕಿನ ಮುಂದೆ ನಿಂತಿದ್ದಳು. ಬೆರಳಿಟ್ಟು ಓದಿದಳು: ‘ನ... ಳ... ಬಂತು.’ ‘ಳ’ವನ್ನು ಸ್ವಲ್ಪ ಅನುಮಾನದಿಂದಲೇ ನೋಡಿದಳು. ಆಮೇಲೆ ಕೇಳಿದಳು, ‘ಹೋದ ಮೇಲೆ ಏನು ಬರೆಯುತ್ತದೆ?’

ಅದನ್ನು ನಾನು ಯೋಚಿಸಿರಲಿಲ್ಲ. ‘ನಳ ಹೋಯಿತು’ ಎಂದು ಬರೆಯಬೇಕಾದರೆ ‘ಹೋ’ಗೆ ಎರಡು ಮನೆ, ‘ಯಿ’ಗೆ ಒಂದು. ಆರು ಮತ್ತು ಮೂರು ಒಂಬತ್ತು, ಇರುವುದು ಎಂಟು. ಆ ಹೊತ್ತಿನಲ್ಲೇ ಅಳಿಯನಿಗೆ ಸಂದೇಶ ಕಳಿಸಿದೆ. ‘ಬಂತು ಹೋದ ಮೇಲೆ ಬ ಮತ್ತು ಸೊನ್ನೆಯನ್ನು ಅಳಿಸಿ, ಅವುಗಳ ಮನೆಯಲ್ಲೇ ಹೊಸದನ್ನು ಬರೆ ಮಾಮಾ’ ಎಂದು ಬೆಳಿಗ್ಗೆ ಉತ್ತರ ಬಂದಿತ್ತು. ಚೌಕಳಿ ಹಾಳೆಯಲ್ಲಿ ‘ಹೋ’ ಬಿಡಿಸುತ್ತಿದ್ದೇನೆ. ಮುಂದಿನ ನಳಕ್ಕೆ ಇನ್ನು ಮೂರು ದಿನವಿದೆ.